ಹೋದ ಗೆರೆ ಹೊಳ್ಳಿ ಬರಬೇಕು

"ಈ ಗೆರಿ ಎಲ್ಲಿಂದ ಹೊಂಟೈತ್ರೀ ಮೇಡಂ?"

ಧಾರವಾಡದ ಆ ಮನೆಯ ಪಡಸಾಲೆಯಲ್ಲಿ, ಕಸೂತಿ ಹೊಲಿಯುವ ಅಕ್ಕ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ನನ್ನ ಚಿತ್ರ ಅವರ ತೊಡೆಯ ಮೇಲಿತ್ತು. ಎದುರಿನ ಗೋಡೆಗೆ ಒರಗಿ ಅವರ ಸೊಸೆ ಕೂತಿದ್ದರು, ಕೈಯಲ್ಲಿ ಅರ್ಧ ಮುಗಿದ ರವಿಕೆ ಬಟ್ಟೆ. ನಾನು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದೆ.

"ಇಲ್ಲಿಂದ."

"ಹೊಳ್ಳಿ ಎಲ್ಲಿಗೆ ಬರತೈತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಿಂದ ಗೆರೆ ಎಳೆಯುತ್ತಿದ್ದೇನೆ. ಗೆರೆ ವಾಪಸ್ ಎಲ್ಲಿಗೆ ಬರುತ್ತದೆ ಅಂತ ಯಾರೂ ಕೇಳಿರಲಿಲ್ಲ. ಕಾಗದದ ಮೇಲೆ ಗೆರೆ ಹೋಗುತ್ತದೆ, ಒಂದು ಕಡೆ ನಿಲ್ಲುತ್ತದೆ. ಪೆನ್ನು ಎತ್ತಿದರೆ ಅಲ್ಲಿಗೆ ಮುಗಿಯಿತು.

ನಾನು ಮೈಸೂರಿನವಳು. ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಕೂತು ನೀರು ನೋಡಿ ಚಿತ್ರ ಬರೆಯುವುದು ಬಹಳ ವರ್ಷದ ಅಭ್ಯಾಸ. ನೀರನ್ನೇ ಬರೆಯುತ್ತೇನೆ ಅಂತಲ್ಲ. ಮೊದಮೊದಲು ಅಲೆ, ಜೊಂಡು, ಹಕ್ಕಿ ಎಲ್ಲ ಇರುತ್ತಿದ್ದವು. ಒಂದೊಂದಾಗಿ ಬಿಟ್ಟುಹೋದವು. ಕೊನೆಗೆ ಉಳಿದದ್ದು ಕಪ್ಪು ಶಾಯಿಯ ಉದ್ದುದ್ದ ಗೆರೆ, ಗೆರೆಗಳು ಒತ್ತಿಕೊಳ್ಳುವ ಜಾಗ, ಬಿಡಿಸಿಕೊಳ್ಳುವ ಜಾಗ, ನಡುವೆ ಚೆದುರಿದ ಚುಕ್ಕೆ. ನೋಡಿದವರು "ಇದೇನು?" ಅಂದರೆ ಹೇಳಲು ಏನೂ ಇಲ್ಲ. ಎಲ್ಲ ಚಿತ್ರಕ್ಕೂ "ಶೀರ್ಷಿಕೆ ಇಲ್ಲ" ಅಂತ ಬರೆದು, ಪಕ್ಕದಲ್ಲಿ ಇಸವಿ ಹಾಕುತ್ತಿದ್ದೆ.

ಇವನ್ನು ಬಟ್ಟೆಗೆ ತರಬೇಕು ಅನ್ನಿಸಿದ್ದು ಮಳೆಗಾಲದ ಒಂದು ದಿನ. ದೊಡ್ಡ ಹಾಳೆಯೊಂದನ್ನು ಒಣಗಲಿ ಅಂತ ಕುರ್ಚಿಯ ಬೆನ್ನಿಗೆ ಇಳಿಬಿಟ್ಟಿದ್ದೆ. ಕಾಗದ ತೇವಕ್ಕೆ ಮೆತ್ತಗಾಗಿ ಬಾಗಿತ್ತು. ಗೆರೆಗಳೂ ಅದರ ಜೊತೆ ಬಾಗಿ ಕೆಳಗೆ ಇಳಿದಿದ್ದವು. ಗೋಡೆ ಮೇಲೆ ನೆಟ್ಟಗೆ ನಿಂತಾಗ ಇಲ್ಲದ ಜೀವ ಆ ಬಾಗಿನಲ್ಲಿ ಕಂಡಿತು. ಇದು ಮೈಮೇಲೆ ಇರಬೇಕಾದದ್ದು ಅನ್ನಿಸಿಬಿಟ್ಟಿತು.

ಮೊದಲು ಹಿಡಿದದ್ದು ಸುಲಭದ ದಾರಿ. ಚಿತ್ರ ಸ್ಕ್ಯಾನ್ ಮಾಡಿಸಿ, ಆರು ಮೀಟರ್ ಹತ್ತಿ ಬಟ್ಟೆಯ ಮೇಲೆ ಡಿಜಿಟಲ್ ಪ್ರಿಂಟ್ ಹಾಕಿಸಿದೆ. ಬಂದದ್ದು ನೋಡಿ ಬೇಜಾರಾಯಿತು. ಪ್ರಿಂಟ್ ಕೆಟ್ಟದಾಗಿರಲಿಲ್ಲ. ಕಪ್ಪು ಸ್ವಲ್ಪ ಬೂದು ತಿರುಗಿತ್ತು, ಸಣ್ಣ ಗೆರೆಯ ಅಂಚು ನೂಲಿನೊಳಗೆ ಹರಡಿತ್ತು, ಅಷ್ಟೇ. ಬೇಜಾರಾಗಿದ್ದು ಉಟ್ಟುಕೊಂಡಾಗ. ನೆರಿಗೆ ಹಿಡಿದರೆ ಚಿತ್ರದ ಮುಕ್ಕಾಲು ಪಾಲು ನೆರಿಗೆಯೊಳಗೆ ಹೋಯಿತು. ನಾನು ತುಂಬ ಯೋಚಿಸಿ ಬಿಟ್ಟಿದ್ದ ಖಾಲಿ ಜಾಗ ಬೆನ್ನಿಗೆ ಬಂದಿತ್ತು. ಗೆರೆಗಳು ಒತ್ತಿಕೊಳ್ಳುವ ಮುಖ್ಯವಾದ ಜಾಗ ಸೊಂಟದಲ್ಲಿ ಸಿಕ್ಕಿಸಿಕೊಂಡಿತ್ತು. ಸೆರಗು ತಿರುಗಿದಾಗ ಹಿಂಭಾಗ ಮಾಸಲು ಬಿಳಿ. ಬಟ್ಟೆ ಬೇರೆ, ಚಿತ್ರ ಬೇರೆ. ಸುಮ್ನೆ ಒಂದರ ಮೇಲೊಂದು ಅಂಟಿಸಿದ ಹಾಗಿತ್ತು.

ಆಮೇಲೆ ಕೆಲವು ತಿಂಗಳು ಓದಿದೆ, ಬೇರೆಯವರು ಏನು ಮಾಡಿದ್ದಾರೆ ಅಂತ ನೋಡಿದೆ. ಚಿತ್ರಕಲಾವಿದೆ ಸೋನಿಯಾ ಡೆಲೊನೆ 1911ರಲ್ಲಿ ಪ್ಯಾರಿಸ್‌ನಲ್ಲಿ ಆಗತಾನೇ ಹುಟ್ಟಿದ ಮಗನಿಗೆ ಬಟ್ಟೆ ತುಂಡು ಜೋಡಿಸಿ ಒಂದು ಹೊದಿಕೆ ಹೊಲಿದರು. ಉಕ್ರೇನಿನ ರೈತರ ಮನೆಗಳಲ್ಲಿ ನೋಡಿದ್ದ ಹೊದಿಕೆಯ ನೆನಪಿನಲ್ಲಿ ಮಾಡಿದ್ದು. ಅವರ ಅಮೂರ್ತ ಚಿತ್ರಗಳಿಗೆ ದಾರಿ ತೆರೆದದ್ದು ಆ ಹೊದಿಕೆ. ಅದರ ಫೋಟೋ ನೋಡಿದಾಗ ನನಗೆ ನಮ್ಮ ಕೌದಿಯೇ ಕಂಡಿತು. ನಮ್ಮ ದೇಶದಲ್ಲೂ 1950ರ ದಶಕದಿಂದ ಸರ್ಕಾರದ ನೇಕಾರರ ಸೇವಾ ಕೇಂದ್ರಗಳಲ್ಲಿ ಚಿತ್ರಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಕೆ. ಜಿ. ಸುಬ್ರಹ್ಮಣ್ಯನ್ 1959ರಿಂದ 61ರವರೆಗೆ ಮುಂಬೈಯಲ್ಲಿ ಕೈಮಗ್ಗ ಮಂಡಳಿಯ ವಿನ್ಯಾಸ ವಿಭಾಗದಲ್ಲಿದ್ದರು. ಪ್ರಭಾಕರ ಬರ್ವೆ ವಾರಾಣಸಿಯ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. ಇವರೆಲ್ಲ ನೇಕಾರರ ಪಕ್ಕದಲ್ಲೇ ಇದ್ದು ಕಲಿತವರು. ನಾನು ಹೋಗಿದ್ದು ಕಂಪ್ಯೂಟರ್ ಅಂಗಡಿಗೆ. ತಪ್ಪಿದ್ದು ಎಲ್ಲಿ ಅಂತ ಆಗ ಗೊತ್ತಾಯಿತು.

ಕಸೂತಿ ಯಾಕೆ ಅಂದರೆ, ಅದು ಗೆರೆಯ ಕೆಲಸ. ಬೇರೆ ಎಷ್ಟೋ ಕಸೂತಿಗಳಲ್ಲಿ ಎಲೆ, ಹೂವಿನ ಒಳಗೆ ದಾರ ತುಂಬುತ್ತಾರೆ. ನಮ್ಮ ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಎಲ್ಲ ಹೆಚ್ಚಾಗಿ ಗೆರೆಯಲ್ಲೇ ನಿಲ್ಲುತ್ತವೆ. ಬಟ್ಟೆ ಮೇಲೆ ಪೆನ್ಸಿಲ್ಲಿನಿಂದ ಬರೆದುಕೊಳ್ಳುವ ಹಾಗಿಲ್ಲ. ನೂಲಿನ ಎಳೆ ಎಣಿಸಿಕೊಂಡೇ ಸೂಜಿ ಹಾಕಬೇಕು. ನನ್ನ ಗೆರೆಗೆ ಇದೇ ಸರಿ ಅಂದುಕೊಂಡು, ಪರಿಚಯದವರ ಮೂಲಕ ಅಕ್ಕನ ಮನೆ ಹುಡುಕಿಕೊಂಡು ಹೋದೆ. ಜೊತೆಗೆ ನಲವತ್ತು ಚಿತ್ರ ಒಯ್ದಿದ್ದೆ.

ಅಕ್ಕ ಅವತ್ತು ನನ್ನ ಚಿತ್ರಗಳ ಬಗ್ಗೆ ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತಂದರು. ಅವರ ತಾಯಿಯದು. ಕಪ್ಪು ಒಡಲಿನ ಇಳಕಲ್ ಸೀರೆ, ಚಂದ್ರಕಾಳಿ. ಕೆಂಪು ಬಿಳುಪು ಪಟ್ಟೆಯ ಟೋಪ್‌ತೆನಿ ಸೆರಗು. ಸೆರಗಿನ ಹತ್ತಿರ ಒತ್ತಾಗಿ ಕಸೂತಿ, ಒಡಲಿಗೆ ಬರುತ್ತ ಬರುತ್ತ ಬಿಡಿ ಬಿಡಿ. ನನ್ನ ಕೈಗೆ ಕೊಟ್ಟು, "ಯಾವ ಕಡೆ ಮ್ಯಾಲಿಂದು ಹೇಳ್ರಿ" ಅಂದರು.

ನಾನು ತಿರುಗಿಸಿ ತಿರುಗಿಸಿ ನೋಡಿದೆ. ಎರಡೂ ಕಡೆ ಒಂದೇ ಗೋಪುರ. ಗಂಟು ಇಲ್ಲ, ಹಿಂದೆ ಹಾದುಹೋದ ದಾರ ಇಲ್ಲ, ಕತ್ತರಿಸಿದ ತುದಿ ಇಲ್ಲ. ಬೆಳಕಿಗೆ ಹಿಡಿದೆ. ಆಗಲೂ ಗೊತ್ತಾಗಲಿಲ್ಲ.

ಇದು ಗವಂತಿ. ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ಮೊದಲನೆಯದು. ಉಳಿದವು ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ ಹೋಗುತ್ತದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುತ್ತದೆ. ಮೇಲೆ ಖಾಲಿ ಬಿಟ್ಟದ್ದು ಕೆಳಗೆ ತುಂಬಿರುತ್ತದೆ, ಬರುವಾಗ ಅದಲುಬದಲು. ಹಾಗಾಗಿ ಎರಡೂ ಕಡೆ ಒಂದೇ ಗೆರೆ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುವುದು. ನೇಗಿ ನೇಯ್ದ ಹಾಗೇ ಕಾಣುವ ಉದ್ದದ ಹೊಲಿಗೆ. ಮೆಂತಿ ಅಡ್ಡಗೂಡಿಸಿದ ಪುಟ್ಟ ಹೊಲಿಗೆ, ಮೆಂತ್ಯದ ಕಾಳು ಹರಡಿದ ಹಾಗೆ. ಅದಕ್ಕೆ ದಾರ ಜಾಸ್ತಿ ಬೇಕು, ಬಟ್ಟೆಯೂ ಭಾರ ಆಗುತ್ತದೆ.

"ಹೋದ ದಾರಿ ಹಿಡದು ಹೊಳ್ಳಿ ಬರಬೇಕ್ರೀ. ಇಲ್ಲಂದ್ರ ಹಿಂದಿನ ಕಡೆ ಕೆಡತೈತಿ" ಅಂದರು ಅಕ್ಕ. ಅವರು ಮೊದಲು ಕೇಳಿದ ಪ್ರಶ್ನೆಯ ಅರ್ಥ ಆಗ ಆಯಿತು.

ನಲವತ್ತು ಚಿತ್ರವನ್ನೂ ಅವತ್ತು ರಾತ್ರಿ ಲಾಡ್ಜಿನ ಮಂಚದ ಮೇಲೆ ಹರಡಿಕೊಂಡು ಕೂತೆ. ಪೆನ್ಸಿಲ್ ಹಿಡಿದು ಪ್ರತಿಯೊಂದರಲ್ಲೂ ಗೆರೆ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಅಂತ ನೋಡಿದೆ. ಮೂವತ್ತೇಳರಲ್ಲಿ ಯಾವ ಗೆರೆಯೂ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಎಲ್ಲ ಒಂಟಿ ಗೆರೆಗಳು, ಒಂಟಿ ಚುಕ್ಕೆಗಳು. ಕಾಗದದ ಮೇಲೆ ಅವು ಒಟ್ಟಿಗೆ ಇರುವ ಹಾಗೆ ಕಾಣುತ್ತಿದ್ದದ್ದು ಕಾಗದ ಅವನ್ನು ಹಿಡಿದುಕೊಂಡಿದ್ದರಿಂದ. ದಾರದಲ್ಲಿ ಹಾಗಾಗುವುದಿಲ್ಲ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ದಾರ ಬಟ್ಟೆಯ ಹಿಂದೆ ನಡೆದುಕೊಂಡೇ ಹೋಗಬೇಕು, ಆ ನಡಿಗೆ ಹಿಂದೆ ಕಾಣುತ್ತದೆ. ಅವತ್ತು ಮೂರು ಚಿತ್ರ ಉಳಿದವು. ಕೊನೆಗೆ ಸೀರೆಗೆ ಹೋದದ್ದು ಒಂದು.

ಮೈಸೂರಿಗೆ ಬಂದು ಗ್ರಾಫ್ ಹಾಳೆ ತಂದೆ. ಎಡೆಬಿಡದೆ ಐದು ವಾರ ಅದೇ ಕೆಲಸ.

ಕಸೂತಿಯಲ್ಲಿ ಸೂಜಿಗೆ ಮೂರೇ ದಾರಿ: ಅಡ್ಡ, ಉದ್ದ, ಓರೆ. ನನ್ನ ಚಿತ್ರದ ಜೀವ ಇದ್ದದ್ದು ನಿಧಾನವಾಗಿ ಬಾಗುವ ಗೆರೆಯಲ್ಲಿ. ಅದನ್ನು ಚೌಕಳಿಗೆ ಇಳಿಸಿದ ಮೊದಲ ಪ್ರಯತ್ನ ನೋಡಿದರೆ ಕಟ್ಟಡದ ಮೆಟ್ಟಿಲು ಕಂಡ ಹಾಗೆ ಇತ್ತು. ಒಂದು ವಾರ ಹೀಗೇ ಹೋಯಿತು. ಆಮೇಲೆ ದಾರಿ ಸಿಕ್ಕಿತು. ಐದು ಹೆಜ್ಜೆ ಅಡ್ಡ, ಒಂದು ಓರೆ. ನಾಲ್ಕು ಅಡ್ಡ, ಒಂದು ಓರೆ. ಮೂರು, ಒಂದು. ಎರಡು, ಒಂದು. ಆಮೇಲೆ ಬರೀ ಓರೆ. ಹತ್ತಿರದಿಂದ ನೋಡಿದರೆ ಮುರುಕು ಗೆರೆ. ಎರಡು ಅಡಿ ದೂರ ನಿಂತರೆ ನೀರಿನ ಬಾಗು. ಪೆನ್ನಿನಲ್ಲಿ ಮಣಿಕಟ್ಟು ತಾನಾಗಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎಣಿಕೆ ಮಾಡಬೇಕಾಯಿತು. ಬಾಗು ಎಲ್ಲಿ ಶುರುವಾಗುತ್ತದೆ, ಎಷ್ಟು ಬೇಗ ತಿರುಗುತ್ತದೆ ಅಂತ ನನ್ನದೇ ಗೆರೆಯ ಬಗ್ಗೆ ನನಗೆ ಗೊತ್ತಾಗಿದ್ದು ಆಗಲೇ.

ಇನ್ನೊಂದು ತೊಡಕು ಗೆರೆಯ ದಪ್ಪದ್ದು. ಶಾಯಿಯ ಗೆರೆ ಒತ್ತಿದರೆ ದಪ್ಪ, ಬಿಟ್ಟರೆ ಸಣ್ಣ. ದಾರ ಎಲ್ಲ ಕಡೆ ಒಂದೇ ದಪ್ಪ. ಇದಕ್ಕೆ ಉತ್ತರ ಕೊಟ್ಟವರು ಅಕ್ಕನ ಸೊಸೆ. ಆ್ಯಂಕರ್ ದಾರದ ಲಡಿಯಲ್ಲಿ ಆರು ಎಳೆ ಇರುತ್ತವಲ್ಲ, ಅದನ್ನು ಬಿಡಿಸಿ ಎಲ್ಲಿ ಸಣ್ಣ ಬೇಕೋ ಅಲ್ಲಿ ಒಂದೇ ಎಳೆ, ಉಳಿದ ಕಡೆ ಎರಡು, ಒತ್ತು ಬೇಕಾದಲ್ಲಿ ಮೂರು ಹಾಕಿ ಅಂದರು. ಗೆರೆಗಳು ಒತ್ತಿಕೊಳ್ಳುವ ಜಾಗಕ್ಕೆ ನೇಗಿ. ಎಷ್ಟು ಸರಳ ಅನ್ನಿಸಿತು. ನಾನು ಅದನ್ನು ಯೋಚಿಸಿ ಯೋಚಿಸಿ ನಿದ್ದೆಗೆಟ್ಟಿದ್ದೆ.

ಚುಕ್ಕೆಗಳನ್ನು ಮಾತ್ರ ಬಿಡಲು ಮನಸ್ಸಿರಲಿಲ್ಲ. ಅವು ಇಲ್ಲದಿದ್ದರೆ ಚಿತ್ರಕ್ಕೆ ಉಸಿರಿಲ್ಲ. ಎರಡನೇ ಸಲ ಧಾರವಾಡಕ್ಕೆ ಹೋದಾಗ ಇದನ್ನೇ ಹಿಡಿದು ಕೂತೆ. ಅಕ್ಕ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಒಂದು ಚೂರು ತೆಗೆದುಕೊಂಡು ಗವಂತಿಯಲ್ಲಿ ಒಂದು ಗೆರೆ ಹೊರಡಿಸಿದರು. ನಾಲ್ಕು ಹೆಜ್ಜೆ ಹೋಗಿ ಪಕ್ಕಕ್ಕೆ ತಿರುಗಿ ಒಂದು ಓರೆ ಹೆಜ್ಜೆ ಹಾಕಿದರು, ತುದಿಯಲ್ಲಿ ಒಂದು ಪುಟ್ಟ ಚೌಕ ಕಟ್ಟಿದರು, ಅದೇ ಓರೆ ಹೆಜ್ಜೆ ಹಿಡಿದು ಗೆರೆಗೆ ವಾಪಸ್ ಬಂದರು, ಮುಂದೆ ನಡೆದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೊಂದು. ದಾರ ಎಲ್ಲೂ ಕಡಿಯಲಿಲ್ಲ. ಚುಕ್ಕೆ ಗೆರೆಯಿಂದ ಒಂದು ತೊಟ್ಟು ಹಿಡಿದು ನಿಂತಿತ್ತು.

"ಜ್ವಾಳದ ತೆನಿ ಆತು ನೋಡ್ರಿ" ಅಂದರು.

ನನಗೆ ಒಳಗೊಳಗೇ ಕಸಿವಿಸಿ. ವರ್ಷಗಟ್ಟಲೆ ಕಷ್ಟಪಟ್ಟು ಹೂವು, ಎಲೆ, ತೆನೆ ಎಲ್ಲ ಬಿಟ್ಟು ಬಂದವಳು ನಾನು. ಈಗ ಮತ್ತೆ ತೆನೆ! ಇದು ತೆನೆ ಅಲ್ಲ ಅಕ್ಕ, ಬರೀ ಚುಕ್ಕೆ, ಇದಕ್ಕೆ ಹೆಸರಿಲ್ಲ ಅಂದೆ.

"ಹೆಸರಿಲ್ಲಂದ್ರ ನೆನಪರೇ ಹೆಂಗ ಇಡೂದು ತಂಗೀ?"

ಅವರು ನನ್ನನ್ನು ತಂಗಿ ಅಂದದ್ದು ಅವತ್ತೇ ಮೊದಲು. ಆ ಮಾತು ಬಹಳ ದಿನ ತಲೆಯಲ್ಲಿ ಉಳಿಯಿತು. ಅವರ ಮನೆಯಲ್ಲಿ ಕಸೂತಿಯ ಪುಸ್ತಕ ಇರಲಿಲ್ಲ. ತಾಯಿಯಿಂದ ಕಲಿತದ್ದು, ಅತ್ತೆಯಿಂದ ಕಲಿತದ್ದು ಎಲ್ಲ ಹೆಸರಿನಲ್ಲೇ ಇತ್ತು. ಹೆಸರು ಹೇಳಿದ ಕೂಡಲೇ ಎಣಿಕೆ ಬಾಯಿಗೆ ಬರುತ್ತದೆ: ಎಷ್ಟು ಹೆಜ್ಜೆಗೆ ತಿರುಗಬೇಕು, ಎಷ್ಟಕ್ಕೆ ಇಳಿಯಬೇಕು. ಇದನ್ನು ಹೀಗೇ ನೋಡಬೇಕು ಅಂತ ಹೇಳಲು ಇಟ್ಟ ಹೆಸರಲ್ಲ ಅದು. ಎಣಿಕೆ ಕಟ್ಟಿಟ್ಟ ಗಂಟು. ಅದು ಅರ್ಥ ಆದ ಮೇಲೆ ನನ್ನ ಕಸಿವಿಸಿ ಹೋಯಿತು. ಬಾಗುವ ಗೆರೆಗೆ ಅವರು "ಕೆರಿ" ಅಂದರು. ಅದನ್ನು ಕುಕ್ಕರಹಳ್ಳಿಯಲ್ಲಿ ಕೂತು ಬರೆದದ್ದು ಅಂತ ನಾನು ಅವರಿಗೆ ಹೇಳಿರಲೇ ಇಲ್ಲ.

ಬಟ್ಟೆಯ ಲೆಕ್ಕದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗಕ್ಕೆ ಬರಬಹುದು.

ಕೈಮಗ್ಗದ ಹತ್ತಿ ಸೀರೆ ತಂದಿದ್ದೆ, ಬಣ್ಣ ಹಾಕದ ಕೋರಾ. ಪನ್ನ, ಅಂದರೆ ಅಗಲ, 48 ಇಂಚು. ಎಳೆ ಎಣಿಸುವ ಗಾಜು ಇಟ್ಟು ಒಂದಿಂಚಿನಲ್ಲಿ ಎಷ್ಟು ಎಳೆ ಅಂತ ಎಣಿಸಿದೆ: 56. ನಾಲ್ಕು ಎಳೆಗೆ ಒಂದು ಹೊಲಿಗೆ ಅಂದರೆ ಇಂಚಿಗೆ 14 ಹೊಲಿಗೆ. ನನ್ನ ಚಿತ್ರವನ್ನು 42 ಚೌಕಕ್ಕೆ 42 ಚೌಕದ ಒಂದು ತುಂಡಾಗಿ ಮಾಡಿಕೊಂಡಿದ್ದೆ. ಅಂದರೆ ಸರಿಯಾಗಿ ಮೂರು ಇಂಚು. ಪನ್ನದ ತುಂಬ ಹದಿನಾರು ತುಂಡು ಕೂರುತ್ತವೆ. ಲೆಕ್ಕ ಎಷ್ಟು ಚೊಕ್ಕ ಅಂತ ಖುಷಿಪಟ್ಟೆ.

ಮೊದಲ ಮಾದರಿ ಹೊಲಿದು ಬಂದಾಗ ಏನೋ ಸರಿ ಇಲ್ಲ ಅನ್ನಿಸಿತು. ಬಾಗು ಬಾಗಿನ ಹಾಗಿಲ್ಲ. ಯಾರೋ ಹಿಡಿದು ಎಳೆದ ಹಾಗಿದೆ. ಅಳತೆ ಪಟ್ಟಿ ಇಟ್ಟು ನೋಡಿದೆ. ಅಡ್ಡ ಮೂರು ಇಂಚು, ಉದ್ದ ಮೂರೂವರೆ. ನಾನು ಎಣಿಸಿದ್ದು ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ ಮಾತ್ರ. ಅಡ್ಡ ಓಡುವ ಹೊಕ್ಕು ಎಣಿಸಿರಲಿಲ್ಲ! ಹೊಕ್ಕಿನಲ್ಲಿ ಇಂಚಿಗೆ 48 ಎಳೆ. ಅಲ್ಲಿ ಅದೇ 42 ಹೊಲಿಗೆ ಮೂರೂವರೆ ಇಂಚು ಓಡುತ್ತದೆ. ಹಾಸುಹೊಕ್ಕು ಅಂತ ದಿನಾ ಮಾತಿನಲ್ಲಿ ಹೇಳುತ್ತೇವೆ. ಎರಡೂ ಒಂದೇ ಸಮ ಇರುವುದಿಲ್ಲ ಅಂತ ನನಗೆ ಹೊಳೆದಿರಲಿಲ್ಲ.

ಇದಕ್ಕೆ ಎರಡು ದಾರಿ ಇದ್ದವು. ಒಂದು, ಈಗ ಬಹಳ ಜನ ಮಾಡುವ ಹಾಗೆ ಬಟ್ಟೆಯ ಮೇಲೆ ಕ್ಯಾನ್ವಾಸ್ ಜಾಳಿಗೆ ಟಾಕು ಹಾಕಿ, ಅದರ ಕಣ್ಣು ಎಣಿಸಿ ಹೊಲಿದು, ಕೊನೆಗೆ ಜಾಳಿಗೆಯ ಎಳೆ ಒಂದೊಂದೇ ಎಳೆದು ತೆಗೆಯುವುದು. ಎಣಿಸಲಾಗದ ನಯವಾದ ರೇಷ್ಮೆಗೆ, ಜಾರ್ಜೆಟ್‌ಗೆ ಅದೇ ಸರಿ. ಆದರೆ ಈ ಬಟ್ಟೆಯ ಎಳೆ ಕಣ್ಣಿಗೆ ಕಾಣುತ್ತಿತ್ತು. ಬಟ್ಟೆಯ ಎಳೆಯ ಮೇಲೇ ಚಿತ್ರ ಕೂರಲಿ ಅನ್ನೋದು ನನ್ನ ಆಸೆ. ಇನ್ನೊಂದು ದಾರಿ, ಗ್ರಾಫ್ ಬದಲಾಯಿಸುವುದು. ಅಡ್ಡ 42, ಉದ್ದ 36 ಮಾಡಿದರೆ ಎರಡೂ ಕಡೆ ಮೂರು ಇಂಚು ಬರುತ್ತದೆ. ಆದರೆ ಆರು ಸಾಲು ತೆಗೆಯಬೇಕು. ಯಾವ ಆರು? ಐದು ನಾಲ್ಕು ಮೂರು ಎರಡು ಅಂತ ಕೂಡಿಸಿಟ್ಟಿದ್ದ ಬಾಗಿನ ಲೆಕ್ಕ ಪೂರ್ತಿ ಹೊಸದಾಗಿ ಮಾಡಬೇಕಾಯಿತು. ಮಾಡಿದೆ. ಮತ್ತೆ ಎರಡು ವಾರ.

ನಡುವೆ ಬಣ್ಣದ ಮಾತು. ನನ್ನ ಚಿತ್ರ ಬಿಳಿ ಮೇಲೆ ಕಪ್ಪು, ಸೀರೆಯೂ ಹಾಗೇ ಇರಲಿ ಅಂತ ನಾನು. ಅಕ್ಕ ಒಪ್ಪಲಿಲ್ಲ. "ಬರೇ ಕರೀದು ಬ್ಯಾಡ ತಂಗೀ. ಹೆಣ್ಮಕ್ಕಳು ಉಡೂದು. ಒಂದ್ ಎಳಿ ಕುಂಕುಮದ ಬಣ್ಣರೇ ಇರಲಿ" ಅಂದರು. ನಾನು ಎರಡು ದಿನ ಹಟ ಹಿಡಿದೆ. ಕೊನೆಗೆ ಒಂದೇ ಒಂದು ಗೆರೆ ಕೆಂಪಾಗಲಿ ಅಂತ ರಾಜಿಯಾದೆವು. ಯಾವ ಗೆರೆ ಅಂತ ಅವರೇ ಆರಿಸಿದರು: ಎಲ್ಲ ಗೆರೆ ಒತ್ತಿಕೊಳ್ಳುವ ಜಾಗದಲ್ಲಿ ನಡುವೆ ತೂರಿಹೋಗುವ ಒಂಟಿ ಎಳೆ. ಹೊಲಿದ ಮೇಲೆ ನೋಡಿದರೆ, ಅದು ಇಲ್ಲದಿದ್ದಾಗ ಆ ಜಾಗ ಕಣ್ಣಿಗೆ ಕಪ್ಪು ಕಲೆ ಆಗುತ್ತಿತ್ತು. ಕೆಂಪು ಬಂದ ಮೇಲೆ ಕಪ್ಪು ಎಳೆಗಳು ಒಂದೊಂದೂ ಬೇರೆಯಾಗಿ ಕಂಡವು. ಅವರು ಸರಿ, ನಾನು ತಪ್ಪು. ಅವರಿಗೇ ಹೇಳಿದೆ ಕೂಡ.

ಆದರೆ ಮೊದಲು ತಂದ ಕೆಂಪು ದಾರ ಬಣ್ಣ ಬಿಟ್ಟಿತು. ಅಂಗಡಿಯಲ್ಲಿ ಬಣ್ಣ ಹೋಗಲ್ಲ ಅಂದಿದ್ದರು, ನಂಬಿದ್ದೆ. ಮಾದರಿ ತುಂಡನ್ನು ಒಗೆದಾಗ ಕೋರಾ ಬಟ್ಟೆಯ ಮೇಲೆಲ್ಲ ಗುಲಾಬಿ ನೀರು. ಹನ್ನೊಂದು ದಿನದ ಕೆಲಸ ಹೋಯಿತು. ಸೊಸೆಯ ಕಣ್ಣಲ್ಲಿ ನೀರು ಬಂತು, ನನಗೂ. ಆಮೇಲೆ ಪ್ರತಿ ಲಡಿಯಿಂದ ಒಂದು ಗೇಣು ದಾರ ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ, ಬಿಳಿ ಬಟ್ಟೆಯ ನಡುವೆ ಒತ್ತಿ ರಾತ್ರಿಯಿಡೀ ಇಟ್ಟು ನೋಡಿಯೇ ಸೂಜಿಗೆ ಪೋಣಿಸುವುದು ಅಂತ ಮಾಡಿದೆವು. ಮೊದಲೇ ಮಾಡಬೇಕಿತ್ತು.

ದಾರದ ದಾರಿಯನ್ನು ಗ್ರಾಫ್ ಮೇಲೆ ಗುರುತಿಸುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ. ಹೋಗುವ ದಾರಿ ನೀಲಿ ಪೆನ್ಸಿಲ್, ಬರುವ ದಾರಿ ಕೆಂಪು. ಕವಲು ಬಂದರೆ ಕವಲಿನ ತುದಿ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ ಬಂದು, ಆಮೇಲೆ ಮುಂದೆ. ಹೀಗೆ ನಡೆದರೆ ಯಾವ ಗೆರೆಯೂ ಬಿಟ್ಟುಹೋಗುವುದಿಲ್ಲ, ಯಾವುದೂ ಎರಡು ಸಲ ಮೇಲೆ ಬೀಳುವುದಿಲ್ಲ. ಚೌಕದಲ್ಲಿ ಮಾತ್ರ ಒಮ್ಮೆ ಮೋಸ ಹೋದೆ. ಚುಕ್ಕೆಗೆ ಅಂತ ಇಟ್ಟ ಪುಟ್ಟ ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕುವಂತೆ ಗುರುತಿಸಿದ್ದೆ. ನಾಲ್ಕು ಹೆಜ್ಜೆಯ ಸುತ್ತು ಅಲ್ವಾ, ಎರಡನೇ ಸುತ್ತಿನಲ್ಲಿ ಸೂಜಿ ಮತ್ತೆ ತುಂಬಿದ ಜಾಗಕ್ಕೇ ಬರುತ್ತದೆ. ಖಾಲಿ ಇದ್ದ ಎರಡು ಬದಿ ಖಾಲಿಯೇ ಉಳಿದವು. ಅಕ್ಕ ನನ್ನ ಹಾಳೆ ನೋಡಿ, ಬಾಯಲ್ಲೇ ಎಣಿಸಿ, "ಇದು ತುಂಬೂದಿಲ್ಲ. ಸುತ್ತ ಹಾಕಿ, ಉಲ್ಟಾ ಸುತ್ತ ಹಾಕಬೇಕು" ಅಂದರು. ಸೂಜಿ ಕೂಡ ಹಿಡಿಯಲಿಲ್ಲ.

ಅವರು ಕೆಲಸ ಮಾಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಬೆಳಗ್ಗೆ ಹತ್ತರಿಂದ ಎರಡರವರೆಗೆ ಪಡಸಾಲೆಯ ಬಾಗಿಲಲ್ಲಿ ಬೆಳಕು ಚೆನ್ನಾಗಿರುತ್ತದೆ, ಅದೇ ಹೊತ್ತು. ದಾರ ಒಂದು ಮೊಳ, ಅದಕ್ಕಿಂತ ಜಾಸ್ತಿ ತೆಗೆಯುವುದಿಲ್ಲ. ಉದ್ದವಾದರೆ ಬಟ್ಟೆಗೆ ಉಜ್ಜಿ ನವಿರೇಳುತ್ತದೆ. ಶುರುವಿನ ತುದಿಗೆ ಗಂಟು ಹಾಕುವುದಿಲ್ಲ. ಎಡಗೈ ಹೆಬ್ಬೆರಳಲ್ಲಿ ತುದಿ ಒತ್ತಿ ಹಿಡಿದು, ವಾಪಸ್ ಬರುವಾಗ ಅದನ್ನು ಹೊಲಿಗೆಯೊಳಗೇ ಸೇರಿಸಿಬಿಡುತ್ತಾರೆ. ಸೂಜಿಯ ಮೊನೆ ನಾಲ್ಕು ಎಳೆಯನ್ನು ಎಣಿಸುವ ಹಾಗೇ ಕಾಣುವುದಿಲ್ಲ. ಮೊನೆ ಬಟ್ಟೆಗೆ ತಾಗಿದ ಕೂಡಲೇ ಅದು ಸರಿಯಾದ ಸಂದಿನಲ್ಲಿರುತ್ತದೆ. ಆದರೂ ಒಂದು ದಿನ, ಮೂರನೇ ಸಾಲಿನ ಆರನೇ ತುಂಡಿನಲ್ಲಿ ಒಂದು ಎಳೆ ತಪ್ಪಿತು. ಒಂದೇ ಎಳೆ, ಕೂದಲಿನಷ್ಟು. ಅದು ಗೊತ್ತಾದದ್ದು ಎರಡು ದಿನ ಕಳೆದು, ಒಂಬತ್ತನೇ ತುಂಡಿನ ಗೆರೆ ಮೇಲಿನ ಸಾಲಿನ ಗೆರೆಗೆ ಸೇರದೆ ಪಕ್ಕದಲ್ಲಿ ನಿಂತಾಗ.

ಇರಲಿ ಅಕ್ಕ, ಕಾಣಲ್ಲ ಅಂದೆ.

"ನನಗ ಕಾಣತೈತಿ" ಅಂದರು. ಕತ್ತರಿ ತೆಗೆದುಕೊಂಡು ಆರನೇ ತುಂಡಿನವರೆಗೂ ಬಿಚ್ಚಿದರು.

ಕೂಲಿ ವಿಷಯ ಹೇಳದೆ ಇರಬಾರದು. ಕಸೂತಿ ಕೆಲಸಕ್ಕೆ ಸಾಮಾನ್ಯವಾಗಿ ಪೀಸ್ ಲೆಕ್ಕದಲ್ಲಿ ಕೊಡುತ್ತಾರೆ. ಗೊತ್ತಿರುವ ಗೋಪುರ, ಗೊತ್ತಿರುವ ತೇರಿಗೆ ಅದು ಹೇಗೋ ನಡೆಯುತ್ತದೆ. ನನ್ನದು ಯಾರ ಕೈಗೂ ಗೊತ್ತಿಲ್ಲದ ವಿನ್ಯಾಸ. ಮೊದಲ ತುಂಡಿಗೆ ಒಂದು ಪೂರ್ತಿ ದಿನ ಹಿಡಿಯಿತು. ಹತ್ತು ತುಂಡು ಆದ ಮೇಲೆ ಅದೇ ಕೆಲಸ ಎರಡೂವರೆ ಗಂಟೆಗೆ ಬಂತು. ಸೆರಗಿಗೆ ಹದಿನಾರು ತುಂಡಿನ ಐದು ಸಾಲು, ಒಟ್ಟು ಎಂಬತ್ತು. ಪೀಸ್ ಲೆಕ್ಕ ಹಾಕಿದ್ದರೆ ಕಲಿಯುವ ದಿನಗಳ ನಷ್ಟ ಪೂರ್ತಿ ಅವರ ಮೇಲೆ ಬೀಳುತ್ತಿತ್ತು. ಬಿಚ್ಚಿದ ದಿನ, ಬಣ್ಣ ಬಿಟ್ಟು ಹಾಳಾದ ದಿನ ಎಲ್ಲ ಸೇರಿಸಿ ದಿನಗೂಲಿ ಲೆಕ್ಕದಲ್ಲಿ ಕೊಟ್ಟೆ. ಹೊಸ ವಿನ್ಯಾಸ ಮಾಡಿಸುವವರೆಲ್ಲ ಹೀಗೇ ಮಾಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಸೀರೆಯ ಚೀಟಿಯಲ್ಲಿ ನನ್ನ ಹೆಸರಿನ ಜೊತೆ ಅವರಿಬ್ಬರ ಹೆಸರೂ ಇದೆ.

ಸೀರೆಯ ಮೇಲೆ ಯಾವುದು ಎಲ್ಲಿ ಬರಬೇಕು ಅನ್ನೋದನ್ನು ಆ ಚಂದ್ರಕಾಳಿ ಸೀರೆಯಿಂದಲೇ ಕಲಿತೆ. ಸೆರಗಿನಲ್ಲಿ ಒತ್ತು, ಒಡಲಲ್ಲಿ ವಿರಳ, ನೆರಿಗೆಗೆ ಹೋಗುವ ಕಡೆ ಏನೂ ಇಲ್ಲ. ಚಿತ್ರಕ್ಕೆ ಒಂದು ನಡು ಇರುತ್ತದೆ. ಬಟ್ಟೆಗೆ ನಡು ಇಲ್ಲ, ಅದು ಸಾಗುತ್ತಾ ಇರಬೇಕು. ಹಾಗಾಗಿ ತುಂಡಿನ ಎಡಗಡೆ ಹೊರಗೆ ಹೋದ ಗೆರೆ ಬಲಗಡೆ ಅದೇ ಎತ್ತರದಲ್ಲಿ ಒಳಗೆ ಬರುವಂತೆ ತಿದ್ದಿದೆ. ಎರಡನೇ ಸಾಲನ್ನು 21 ಹೊಲಿಗೆ ಪಕ್ಕಕ್ಕೆ ಜಾರಿಸಿದೆ. ಇಲ್ಲದಿದ್ದರೆ ಒಂದರ ಕೆಳಗೊಂದು ಕೂತು ಕಿಟಕಿ ಸರಳಿನ ಹಾಗೆ ಕಾಣುತ್ತದೆ. ಕೊನೆಯ ಸಾಲಿನಲ್ಲಿ ಗೆರೆಗಳು ಒಂದೊಂದೇ ಬಿಡಿಸಿಕೊಂಡು ಒಡಲಿಗೆ ಇಳಿಯುತ್ತವೆ. ಇಳಿದು, ಬಂದ ದಾರಿಯಲ್ಲೇ ಹೊಳ್ಳಿ ಹೋಗುತ್ತವೆ.

ಸೀರೆ ಮುಗಿದ ದಿನ ಅಕ್ಕ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದರು. ಮಡಚಿ, ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು.

ಇದಾಗಿ ನಾಲ್ಕು ತಿಂಗಳ ಮೇಲೆ ಒಂದು ಸಂಜೆ ಫೋನ್ ಮಾಡಿದರು. ಅವರ ಓಣಿಯಲ್ಲೇ ಕಸೂತಿ ಮಾಡುವ ಇನ್ನೊಬ್ಬರು ತಮ್ಮ ಮಗಳ ಮದುವೆಯ ರವಿಕೆಗೆ ನಮ್ಮ "ಕೆರಿ" ಹಾಕಬೇಕು ಅಂತಿದ್ದಾರಂತೆ. ತೋಳು ಸಣ್ಣದು, ಹಾಗಾಗಿ 42 ಹಿಡಿಸುವುದಿಲ್ಲ, 28ಕ್ಕೆ ಇಳಿಸಿದ್ದಾರಂತೆ. ತೆನೆಯಲ್ಲಿ ಒಂದು ಕಾಳಿನ ಬದಲು ಎರಡು ಇಟ್ಟಿದ್ದಾರಂತೆ. ನಿಮ್ಮನ್ನು ಒಂದು ಮಾತು ಕೇಳೋಣ ಅಂತ ಮಾಡಿದೆ ಅಂದರು.

ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಕೇಳಿದೆ, "28ಕ್ಕೆ ಇಳಿಸಿದ್ರೆ ಬಾಗು ಹೇಗೆ ಬಂತು ಅಕ್ಕ?"

"ನಾಕು, ಒಂದು. ಎರಡು, ಒಂದು. ಮೂರು ಬಿಟ್ಟಾಳ. ಚಂದ ಬಂದೈತಿ, ಫೋಟೋ ಕಳಸ್ತೀನಿ ತಡಿ."

ಗ್ರಾಫ್ ಹಾಳೆ ಹುಡುಕಿಕೊಂಡು ಕೂತೆ.